ಮಾರಕ್ಕನ ಸುರುಳಿ

ಅವಳ ನಿಜವಾದ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವಳು ಮಾರಕ್ಕ. ಈ ಹೆಸರಿನ ಹಿಂದೆ ದೇವರೂ ಇರಲಿಲ್ಲ, ದೆವ್ವವೂ ಇರಲಿಲ್ಲ. ವೈರನ್ನು ಮಾರಿನ ಲೆಕ್ಕದಲ್ಲಿ ಅಳೆದು ಮಾರುವವಳು, ಅಷ್ಟೇ. ಗೋಡೆಗೆ ಮೀಟರ್ ಪಟ್ಟಿ ಹೊಡೆದಿದ್ದರೂ ಅವಳು ಅದರತ್ತ ತಿರುಗಿ ನೋಡಿದವಳಲ್ಲ. ಎರಡೂ ಕೈ ಚಾಚಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ವೈರನ್ನು ಎಳೆದು ಒಂದು, ಎರಡು ಎಂದು ಎಣಿಸಿದರೆ ಒಂದು ಗೇಣೂ ಆಚೀಚೆ ಆಗುತ್ತಿರಲಿಲ್ಲ. ಅನುಮಾನದ ಗಿರಾಕಿಗಳು ಮನೆಗೆ ಹೋಗಿ ಟೇಪು ಹಿಡಿದು ನೋಡಿ, ಮರುದಿನ ಮುಖ ಸಣ್ಣ ಮಾಡಿಕೊಂಡು ಬಂದು ಬೇಡದ ಎರಡು ಬಲ್ಬು ಕೊಂಡು ಹೋದದ್ದುಂಟು.

ಅಂಗಡಿ ಅವಳ ಅಪ್ಪನದು. ಅಗಲ ಹತ್ತಡಿ, ಉದ್ದ ಕತ್ತಲೆಯವರೆಗೆ. ಕೊನೆಯ ಗೋಡೆಯ ಶೆಲ್ಫಿನಲ್ಲಿ ಏನೇನಿದೆ ಎಂದು ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಎಡಕ್ಕೆ ಸ್ವಿಚ್ಚು, ಹೋಲ್ಡರು, ಫ್ಯೂಸುಗಳ ಡಬ್ಬಿ. ಬಲಕ್ಕೆ ವೈರಿನ ದಪ್ಪ ದಪ್ಪ ಉರುಳೆಗಳು. ತಲೆಯ ಮೇಲೆ ಕೊಕ್ಕೆಗಳಿಗೆ ತೂಗುಹಾಕಿದ ಸುರುಳಿಗಳು. ಸುರುಳಿ ಕಟ್ಟುವುದನ್ನು ಅಪ್ಪ ಅವಳಿಗೆ ಎಂಟನೇ ವಯಸ್ಸಿನಲ್ಲೇ ಕಲಿಸಿದ್ದ. ವೈರಿಗೆ ತಿರುಚು ಬೀಳದಂತೆ ಸುತ್ತಿನ ಮೇಲೆ ಸುತ್ತು ಹಾಕುತ್ತ ಬಂದು, ಕೊನೆಗೆ ಅದೇ ವೈರಿನ ಬಾಲದಿಂದ ಅಡ್ಡಕ್ಕೆ ಮೂರು ಸುತ್ತು ಬಿಗಿದು, ತುದಿಯನ್ನು ಒಳಗೆ ತೂರಿಸಿಬಿಡುವುದು. ಒಳತುದಿಯನ್ನು ಹಿಡಿದು ಎಳೆದರೆ ಬೇಕಾದಷ್ಟೇ ಬರುತ್ತದೆ, ಮಿಕ್ಕದ್ದು ಕದಲುವುದಿಲ್ಲ. ಊರಿನಲ್ಲಿ ಇನ್ನಾರಿಗೂ ಈ ಕಟ್ಟು ಬರುತ್ತಿರಲಿಲ್ಲ. ಮಾರಕ್ಕನಿಗೆ ಈ ವಿಷಯದಲ್ಲಿ ಸ್ವಲ್ಪ ಜಂಬ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆದದ್ದೆಲ್ಲ ಆ ಜಂಬದಿಂದಲೇ.

ಊರಾಚೆ ನೀರಿನ ದಂಡೆಗೆ ಒಂದು ಬಯಲಿತ್ತು. ಅಲ್ಲಿ ಮನೆಗಾಡಿಗಳು ಬಂದು ನಿಲ್ಲುತ್ತಿದ್ದವು. ಬೋರ್ಡಿನ ಮೇಲೆ ಕ್ಯಾರವಾನ್ ಎಂದೋ ಇನ್ನೇನೋ ಬರೆದಿದ್ದರೂ ಊರವರ ಬಾಯಲ್ಲಿ ಅವು ಮನೆಗಾಡಿಗಳೇ; ಮಂಚ, ಒಲೆ, ಕೈತೊಳೆಯುವ ಬೇಸಿನ್ನು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಗಾಡಿಗೆ ಬೇರೆ ಹೆಸರೇಕೆ? ಬಯಲಿನಲ್ಲಿ ಅಲ್ಲಲ್ಲಿ ಕರೆಂಟಿನ ಗಿಡ್ಡ ಕಂಬಗಳಿದ್ದವು. ಕಂಬ ನೆಟ್ಟವನಿಗೂ ಗಾಡಿ ನಿಲ್ಲಿಸುವವರಿಗೂ ಯಾವ ಜನ್ಮದ ಜಗಳವೋ, ಒಂದು ಗಾಡಿಯೂ ಕಂಬದ ಹತ್ತಿರಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಎಕ್ಸ್‌ಟೆನ್ಶನ್ ವೈರ್ ಬೇಕು, ಹಾಗಾಗಿ ಎಲ್ಲರೂ ಮಾರಕ್ಕನಲ್ಲಿಗೆ ಬರಬೇಕು.

ಬರುವವರ ಬುದ್ಧಿಯನ್ನು ಏನೆಂದು ಹೇಳುವುದು. ದೀಪದ ಸರಕ್ಕೆ ಹಾಕುವ ದಾರದಂಥ ವೈರಿನಲ್ಲಿ ನೀರು ಕಾಯಿಸುತ್ತೇನೆ ಎನ್ನುವವರು. ಎರಡು ಗಿಡ್ಡ ವೈರುಗಳನ್ನು ಒಂದಕ್ಕೊಂದು ಸಿಕ್ಕಿಸಿ, ಆ ಗಂಟನ್ನು ಒದ್ದೆ ಹುಲ್ಲಿನ ಮೇಲೆ ಮಲಗಿಸುವವರು. ಪ್ಲಗ್ಗಿನ ಮೂರನೇ ಕಾಲು ತೂತಿಗೆ ಹೋಗಲಿಲ್ಲವೆಂದು ಅದನ್ನೇ ಮುರಿದುಕೊಂಡು ಬಂದು, ಅರ್ಥಿಂಗ್ ಎಂದರೆ ಏನು ಎಂದು ಕೇಳುವವರು. ಮಾರಕ್ಕ ಎಲ್ಲರನ್ನೂ ಬೈದು, ನಗಿಸಿ, ಸರಿಯಾದದ್ದನ್ನು ಕೊಟ್ಟು ಕಳಿಸುತ್ತಿದ್ದಳು. ಮೇಲಿನ ರಬ್ಬರಿನ ದಪ್ಪ ನೋಡಬೇಡಿ, ಒಳಗಿನ ತಾಮ್ರ ನೋಡಿ, ಎಂದು ತುದಿ ಸುಲಿದು ತೋರಿಸುತ್ತಿದ್ದಳು.

ಚಿತ್ರಕಲೆಯ ಮೇಷ್ಟ್ರು ಬಂದದ್ದು ಒಂದು ತುಂತುರು ಮಳೆಯ ಬೆಳಗ್ಗೆ. ನಿವೃತ್ತರಾದ ಮೇಲೆ ಮನೆ ಮಾರಿ ಹಳೆಯದೊಂದು ಮನೆಗಾಡಿ ಕೊಂಡು, ಹೆಂಡತಿಯನ್ನು ಕೂರಿಸಿಕೊಂಡು ಊರೂರು ಸುತ್ತುತ್ತಿದ್ದ ಮನುಷ್ಯ. ಬಯಲಿನಲ್ಲಿ ಅವರ ಗಾಡಿಗೂ ಕಂಬಕ್ಕೂ ನಾಲ್ಕೇ ಮಾರು ದೂರ. ಆದರೂ ಅವರು ಹದಿನೈದು ಮಾರು ಕೇಳಿದರು. "ಮುಂದೆ ಎಲ್ಲೆಲ್ಲಿ ನಿಲ್ಲಿಸ್ತೀವೋ ಏನೋ ಅಕ್ಕಾ, ಇರ್ಲಿ" ಎಂದರು. ಮಾರಕ್ಕ ಒಳ್ಳೆಯ ತಾಮ್ರದ, ದಪ್ಪ ರಬ್ಬರಿನ ವೈರನ್ನೇ ಅಳೆದಳು. ಪ್ಲಗ್ಗು, ಸಾಕೆಟ್ಟು ಕೂರಿಸಿ ಸುರುಳಿ ಕಟ್ಟಿ ಕೌಂಟರಿನ ಮೇಲಿಟ್ಟಳು. ಮೇಷ್ಟ್ರು ಅದನ್ನು ಎತ್ತಿ, ಕನ್ನಡಕ ಸರಿಸಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಜೀವಮಾನವೆಲ್ಲ ಮಕ್ಕಳ ಸೊಟ್ಟ ಗೆರೆಗಳನ್ನು ತಿದ್ದಿದ ಕಣ್ಣು ಅದು.

"ಎಷ್ಟು ಚೆನ್ನಾಗಿದೆ ನೋಡಿ. ಇದನ್ನ ಪೂರ್ತಿ ಬಿಚ್ಚಬೇಕಾ ಅಕ್ಕಾ?" ಎಂದು ಕೇಳಿದರು.

"ಯಾಕೆ ಬಿಚ್ತೀರ ಮೇಷ್ಟ್ರೇ? ಬೇಕಾದಷ್ಟು ಎಳ್ಕೊಳ್ಳಿ, ಮಿಕ್ಕಿದ್ದು ಹಾಗೇ ಇರ್ಲಿ. ಬಿಚ್ಚಿದ್ರೆ ವಾಪಸ್ ಕಟ್ಟೋಕೆ ನಿಮ್ಗೂ ಬರಲ್ಲ, ನಿಮ್ಮ ಹೆಡ್‌ಮೇಷ್ಟ್ರಿಗೂ ಬರಲ್ಲ."

ಇಬ್ಬರೂ ನಕ್ಕರು. ಮೇಷ್ಟ್ರು ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ನಡೆದುಹೋದರು.

ಸುರುಳಿ ಬಿಚ್ಚದೆ ಹೆಚ್ಚು ಲೋಡು ಹಾಕಿದರೆ ವೈರು ಕಾಯುತ್ತದೆ ಎಂದು ಮಾರಕ್ಕನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ಸಂಕಟ. ಉದ್ದಕ್ಕೆ ಹಾಸಿದ ವೈರಿನ ಕಾವು ಗಾಳಿಗೆ ಹೋಗುತ್ತದೆ, ಸುತ್ತಿಟ್ಟ ವೈರು ತನ್ನ ಕಾವನ್ನು ತಾನೇ ಹೊದ್ದು ಕೂರುತ್ತದೆ, ಎಂದು ಅಪ್ಪ ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು. ಒಂದು ಬಲ್ಬು, ಒಂದು ರೇಡಿಯೋ ಹಾಕಿದರೆ ಏನೂ ಆಗುವುದಿಲ್ಲ. ಒಳಗೆ ಏನೇನು ಹಾಕುತ್ತೀರಿ ಎಂದು ಅವತ್ತು ಅವಳು ಕೇಳಲಿಲ್ಲ. ಒಬ್ಬ ಕಲೆಗಾರ ತನ್ನ ಸುರುಳಿಯನ್ನು ಹೊಗಳಿದನೆಂದು ಉಬ್ಬಿಹೋಗಿದ್ದಳು.

ಹನ್ನೊಂದನೆಯ ದಿನ ಮಧ್ಯಾಹ್ನ ಮನೆಗಾಡಿಗೆ ಬೆಂಕಿ ಬಿತ್ತು. ಚಳಿ ಗಾಳಿ ಬೀಸುತ್ತಿತ್ತು. ಮೇಷ್ಟ್ರು ಜ್ವರ ಬಂದು ಮಲಗಿದ್ದರು. ಹೆಂಡತಿ ಹೀಟರ್ ಹಾಕಿ, ಕುಡಿಯಲು ಕೆಟಲಿನಲ್ಲಿ ನೀರು ಕಾಯಲಿಟ್ಟು, ಒಗೆಯುವ ಬಟ್ಟೆ ಎತ್ತಿಕೊಂಡು ಬಯಲಿನ ಇನ್ನೊಂದು ತುದಿಯ ನಲ್ಲಿಗೆ ಹೋಗಿದ್ದಳು. ಹೊಗೆ ಕಂಡು ಜನ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೇಷ್ಟ್ರು ಮಂಚದಿಂದ ಏಳಲೇ ಇಲ್ಲ.

ಮರುದಿನ ಊರವರ ಜೊತೆ ಮಾರಕ್ಕನೂ ಹೋದಳು. ಸುಟ್ಟ ಸಾಮಾನುಗಳನ್ನೆಲ್ಲ ಹುಲ್ಲಿನ ಮೇಲೆ ತಂದು ಹಾಕಿದ್ದರು. ಗಾಡಿಯ ಬಾಗಿಲ ಬಳಿ ಹೀಟರ್ ಮಾತ್ರ ಇದ್ದಲ್ಲೇ ಇತ್ತು; ಅದರ ಪಕ್ಕದ ಪರದೆ ಅರ್ಧಕ್ಕರ್ಧ ಉಳಿದಿತ್ತು. ಮಂಚದ ಕಂಬಿಗಳ ನಡುವೆ ತಟ್ಟೆಯಗಲದ ಒಂದು ಕರಿ ಮುದ್ದೆ. ರಬ್ಬರೆಲ್ಲ ಕರಗಿ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅದರ ಮೇಲೆ ಅಡ್ಡಕ್ಕೆ ಮೂರು ಸುತ್ತು, ಒಳಗೆ ತೂರಿಸಿದ ತುದಿ. ಮಳೆಗೆ ನೆನೆಯದಿರಲೆಂದು ಮೇಷ್ಟ್ರು ಸುರುಳಿಯನ್ನು ಜೋಪಾನವಾಗಿ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದರು.

ಅಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಬರೆದುಕೊಳ್ಳುತ್ತಿದ್ದ. ಮೇಷ್ಟ್ರ ಹೆಂಡತಿ ನೆಲದ ಮೇಲೆ ಕೂತು, "ನಾನೇ ಸಾರ್, ಹೀಟರ್ ಹತ್ರ ಟವೆಲ್ ಒಣಹಾಕಿದ್ದೆ, ನಾನೇ" ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡ. ಬರೆದವನು ಸುತ್ತ ನೋಡಿ, ವೈರಿನ ಅಂಗಡಿಯವಳು ನಿಂತಿರುವುದನ್ನು ಕಂಡು, ಬೂಟಿನ ತುದಿಯಿಂದ ಆ ಕರಿ ಮುದ್ದೆಯನ್ನು ತೋರಿಸಿದ.

"ಇದೇನಮ್ಮ, ಏನಾದ್ರೂ ಗೊತ್ತಾಗುತ್ತಾ?"

"ಸುಟ್ಟುಹೋದ ಮೇಲೆ ಏನ್ ಗೊತ್ತಾಗುತ್ತೆ ಸಾರ್" ಎಂದಳು ಮಾರಕ್ಕ.

ಅಷ್ಟೇ. ಒಂದೇ ಮಾತು. ಸಂಜೆ ಗುಜರಿಯವನು ಬಂದು ಎಲ್ಲವನ್ನೂ ಹೇರಿಕೊಂಡು ಹೋದ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಬೆರಳುದ್ದದ ಸುದ್ದಿ ಬಂತು: ಮಾರಕವಾದ ಹೀಟರ್. ಎದುರಿನ ದರ್ಜಿ ಅದನ್ನು ಗಟ್ಟಿಯಾಗಿ ಓದಿದ. ಮಾರಕ್ಕನಿಗೆ ಮೊದಲ ಪದ ಕಿವಿಗೆ ಬಿದ್ದು ಮಿಕ್ಕದ್ದು ಕೇಳಿಸಲೇ ಇಲ್ಲ. ಇಷ್ಟು ವರ್ಷ ಊರೆಲ್ಲ ಕರೆಯುತ್ತಿದ್ದ ಹೆಸರಿನಲ್ಲಿ ಒಂದು ಒತ್ತು ಉದುರಿದರೆ ಏನಾಗುತ್ತದೆ ಎಂದು ಅವಳು ಯೋಚಿಸಿದವಳೇ ಅಲ್ಲ. ಅಂದಿನಿಂದ ಯಾರಾದರೂ ಅವಸರದಲ್ಲಿ ಅವಳನ್ನು ಕೂಗಿದರೆ ಆ ಒತ್ತು ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳುವಂತಾಯಿತು.

ಸತ್ತವರು ಕತ್ತಲಲ್ಲೇ ಬರಬೇಕೆಂದು ಯಾರು ನಿಯಮ ಮಾಡಿದರೋ. ಮಾರಕ್ಕನಲ್ಲಿಗೆ ಮೇಷ್ಟ್ರು ಬರುತ್ತಿದ್ದುದು ಬೆಳಗ್ಗೆ ಹನ್ನೊಂದರ ಸುಮಾರಿಗೆ, ಗಿರಾಕಿಗಳ ಮೊದಲ ಗದ್ದಲ ಇಳಿದು ಅಂಗಡಿಯೊಳಗೆ ಬಿಸಿಲು ಮೂರಡಿ ಬಂದು ನಿಂತಾಗ. ಕಾಣಿಸುತ್ತಿರಲಿಲ್ಲ. ದನಿ ಮಾತ್ರ. ಕೊನೆಯ ಶೆಲ್ಫಿನ ಕಡೆಯಿಂದ, ಸೀಮೆಸುಣ್ಣದ ಪುಡಿ ಕುಡಿದು ಒಣಗಿದ ಗಂಟಲಿನಲ್ಲಿ, ಮೆಲ್ಲಗೆ, ನಯವಾಗಿ: ಪೂರ್ತಿ ಬಿಚ್ಚಬೇಕಾ ಅಕ್ಕಾ? ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲವೆಂಬಂತೆ ಕೇಳುತ್ತಿದ್ದರು. ಮೊದಮೊದಲು ಅವಳು "ಹೂಂ ಮೇಷ್ಟ್ರೇ, ಪೂರ್ತಿ ಬಿಚ್ಚಿ" ಎಂದು ಖಾಲಿ ಅಂಗಡಿಗೆ ಉತ್ತರ ಕೊಟ್ಟು ನೋಡಿದಳು. ಮರುದಿನ ಮತ್ತೆ ಕೇಳಿದರು.

ಅವಳು ಸುರುಳಿ ಕಟ್ಟುವುದನ್ನು ಬಿಟ್ಟಳು. ಕೊಕ್ಕೆಗಳೆಲ್ಲ ಬರಿದಾದವು. ವೈರನ್ನು ಸಡಿಲವಾಗಿ ಮಡಚಿ ಚೀಲಕ್ಕೆ ತುರುಕಿ ಕೊಡುವಳು. ಕೊಡುವ ಮೊದಲು ಗಿರಾಕಿಯ ತಲೆ ತಿನ್ನುವಳು. ಕಂಬದಿಂದ ಎಷ್ಟು ದೂರ? ಒಳಗೆ ಏನೇನು ಹಾಕ್ತೀರ? ಎರಡು ಒಟ್ಟಿಗೆ ಹಾಕ್ತೀರಾ? ಕಿಟಕಿ ಸಂದಿಯಿಂದ ಎಳೆದರೆ ವೈರು ಜಜ್ಜಿಹೋಗುತ್ತೆ, ಗೊತ್ತಾ? ಪೂರ್ತಿ ಬಿಚ್ಚಿ ಹಾಸ್ತೀರಾ? ಹೇಳಿ, ಬಾಯಿ ಬಿಟ್ಟು ಹೇಳಿ, ಬಿಚ್ತೀನಿ ಅಂತ. "ಪೊಲೀಸಿನವರೂ ಇಷ್ಟು ಕೇಳಲ್ಲ ಬಿಡಿ" ಎಂದು ದರ್ಜಿ ನಗುತ್ತಿದ್ದ. ನಿಜ, ಕೇಳಿರಲಿಲ್ಲ. ಕೆಲವರು ಮೂಗು ಮುರಿದು ಬೇರೆ ಅಂಗಡಿಗೆ ಹೋದರು. ಬಯಲಿನ ಮೇಲ್ವಿಚಾರಕನಂತೂ ಮೆಚ್ಚಿ, ವೈರ್ ಬೇಕಾದವರು ಮಾರಕ್ಕನಲ್ಲೇ ಕೊಳ್ಳಿ ಎಂದು ತನ್ನ ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಿದ. ಅವಳಷ್ಟು ಜವಾಬ್ದಾರಿಯ ಹೆಂಗಸು ಇನ್ನೊಬ್ಬಳಿಲ್ಲ ಎಂದು ಊರು ಹೇಳತೊಡಗಿತು. ಯಾರಾದರೂ ಎದುರಿಗೆ ಹೊಗಳಿದರೆ ಅವಳು ಉರುಳೆಯ ಕಡೆ ತಿರುಗಿ ವೈರು ಅಳೆಯತೊಡಗುತ್ತಿದ್ದಳು.

ಹೀಗೆ ಏಳು ವರ್ಷ. ಎಂಟನೆಯದರ ಮೊದಲ ಚಳಿಯಲ್ಲಿ, ಬೆಳಗ್ಗೆ ಹನ್ನೊಂದಕ್ಕೆ, ಮೇಷ್ಟ್ರ ಹೆಂಡತಿ ಅಂಗಡಿಯ ಮೆಟ್ಟಿಲು ಹತ್ತಿದಳು.

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಗಳು ಒಡೆದು ಕೆಂಪಾಗಿದ್ದವು. ಮಾರಕ್ಕ ಒಂದೇ ನೋಟಕ್ಕೆ ಗುರುತು ಹಿಡಿದಳು.

"ಎಕ್ಸ್‌ಟೆನ್ಶನ್ ವೈರ್ ಬೇಕಿತ್ತು. ಮನೆಗಾಡಿಗೆ" ಎಂದಳು ಬಂದವಳು.

"ಕಂಬದಿಂದ ಎಷ್ಟು ದೂರ?" ಬಾಯಿ ತಾನಾಗಿಯೇ ಕೇಳಿತು.

"ಹನ್ನೆರಡು ಹೆಜ್ಜೆ. ಎರಡು ಸಲ ಎಣಿಸ್ದೆ."

"ಒಳಗೆ ಏನೇನು ಹಾಕ್ತೀರ?"

"ಒಂದು ದೀಪ."

"ಮತ್ತೆ? ಕೆಟಲ್, ಫ್ರಿಜ್ಜು, ಹೀಟರ್?"

"ಒಂದು ದೀಪ ಸಾಕು. ಅದಕ್ಕೆ ನಿಮ್ಮಲ್ಲಿರೋದ್ರಲ್ಲೆಲ್ಲ ದಪ್ಪದ್ದು ಕೊಡಿ."

"ಒಂದು ದೀಪಕ್ಕೆ ಅಷ್ಟು ದಪ್ಪ ಯಾಕಮ್ಮ? ಅಲ್ಲದೆ ಈ ಚಳೀಲಿ ಹೀಟರ್ ಇಲ್ದೆ ಆ ಬಯಲಲ್ಲಿ ಹೇಗಿರ್ತೀರ?"

"ಅಭ್ಯಾಸ ಆಗಿದೆ. ಏಳು ವರ್ಷದಿಂದ ತಣ್ಣೀರೇ ಸ್ನಾನ. ತಂಗಿ ಮನೇಲಿದ್ದೆ, ಅಲ್ಲಿ ಸ್ವಿಚ್ಚು ಕೂಡ ಅವರೇ ಹಾಕ್ಬೇಕು. ನಾನು ಹಾಕಿದ್ರೆ ಏನೇನು ಉರಿಯುತ್ತೋ ಯಾರಿಗೆ ಗೊತ್ತು." ಅವಳು ಇದನ್ನು ಅಳುತ್ತ ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದಳು. "ತಂಗಿಗೂ ಸಂಸಾರ ಇದೆ, ಎಷ್ಟು ದಿನ ಅಂತ ಇಟ್ಕೋತಾಳೆ. ತಮ್ಮ ಒಂದು ಹಳೇ ಗಾಡಿ ಬಿಟ್ಟುಕೊಟ್ಟ. ಒಬ್ಳೇ ಇರ್ತೀನಿ, ನನ್ನಿಂದ ಬೇರೆಯವರಿಗೆ ಅಪಾಯ ಬೇಡ."

"ನಿಮ್ಗೆ ಮಕ್ಕಳಿಲ್ವಾ?" ಕೇಳಬಾರದಿತ್ತು, ಕೇಳಿಬಿಟ್ಟಳು.

"ಒಬ್ಬ ಮಗಳಿದಾಳೆ. ಮಾತಾಡಲ್ಲ. ಅಪ್ಪ ಅಂದ್ರೆ ಪ್ರಾಣ ಅವಳಿಗೆ. ಒಂದು ಟವೆಲ್ ಒಣಗಿಸೋಕೆ ಅಪ್ಪನ್ನ ಸುಟ್ಟೆ ಅಂದ್ಲು. ಅದೇ ಕೊನೆ. ಅವಳು ಹೇಳಿದ್ದು ಸುಳ್ಳಲ್ಲವಲ್ಲ."

ಈಗಲೂ ದಾರಿ ಇತ್ತು. ಒಳ್ಳೆಯ ವೈರು ಕೊಟ್ಟು, ಎರಡು ಸಮಾಧಾನದ ಮಾತಾಡಿ ಕಳಿಸಿಬಿಡಬಹುದಿತ್ತು. ಇಷ್ಟು ವರ್ಷದ ಮರ್ಯಾದೆ, ಅಪ್ಪನ ಅಂಗಡಿ, ಬಾಗಿಲಿಗಂಟಿಸಿದ ಆ ಚೀಟಿ, ಎಲ್ಲ ಇದ್ದ ಹಾಗೇ ಇರುತ್ತಿತ್ತು. ಅವಳು ಉರುಳೆಯ ಹತ್ತಿರ ಹೋಗಿ, ವೈರಿನ ತುದಿ ಹಿಡಿದು, ಕೈ ಚಾಚಿದಳು. ಮೊದಲನೆಯ ಮಾರು ಪೂರ್ತಿಯಾಗುವ ಮೊದಲೇ ಹಿಂದಿನಿಂದ ಮೇಷ್ಟ್ರ ಹೆಂಡತಿ ಹೇಳಿದಳು:

"ಬಯಲಿನವರು ನಿಮ್ಮ ಬಗ್ಗೆ ಹೇಳಿದ್ರು. ತುಂಬ ಕೇಳ್ತಾರಂತೆ, ತುಂಬ ಹುಷಾರಂತೆ. ನಮ್ಮ ಯಜಮಾನ್ರು ವೈರ್ ಎಲ್ಲಿ ತಗೊಂಡ್ರು ಅಂತ ನಾನು ಕೇಳಿರ್ಲೇ ಇಲ್ಲ. ಅವತ್ತು ಅವರೂ ನಿಮ್ಮಂಥವರ ಹತ್ರ ವೈರ್ ತಗೊಂಡಿದ್ರೆ, ನೀವೇ ನಾಲ್ಕು ಮಾತು ಹೇಳಿ ಎಚ್ಚರಿಸ್ತಿದ್ರೋ ಏನೋ."

ಮಾರಕ್ಕ ವೈರನ್ನು ಕೆಳಗಿಟ್ಟು ತಿರುಗಿದಳು.

"ನನ್ನ ಹತ್ರಾನೇ ತಗೊಂಡಿದ್ರು ಅಮ್ಮಾ."

ಆಮೇಲೆ ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಹೆದರಿ. ಹದಿನೈದು ಮಾರು ವೈರು. ಬೇಕಾದದ್ದು ನಾಲ್ಕು. ಮಿಕ್ಕ ಹನ್ನೊಂದು ಮಾರು ಸುರುಳಿಯಲ್ಲೇ, ಹಾಸಿಗೆಯ ಕೆಳಗೆ. ಹೀಟರೂ ಕೆಟಲೂ ಒಟ್ಟಿಗೆ. ಸುರುಳಿ ಒಳಗೊಳಗೇ ಕಾದದ್ದು. "ಹೀಟರ್ ಅಲ್ಲಮ್ಮ. ನಿಮ್ಮ ಹೀಟರ್ ಇದ್ದದ್ದು ಬಾಗಿಲ ಹತ್ರ. ಬಾಗಿಲ ಪರದೆ ಅರ್ಧಕ್ಕರ್ಧ ಉಳಿದಿತ್ತು, ನಾನೇ ಕಣ್ಣಾರೆ ನೋಡ್ದೆ. ಬೆಂಕಿ ಹತ್ತಿದ್ದು ಮಂಚದ ಕೆಳಗಿಂದ. ಟವೆಲ್ಲಿಂದ ಏನೂ ಆಗಿಲ್ಲ. ಅವರು ಕೇಳಿದ್ದಕ್ಕೆ ಬಿಚ್ಚಬೇಡಿ ಅಂತ ನಾನೇ ಹೇಳಿದ್ದೆ. ಇನ್‌ಸ್ಪೆಕ್ಟರ್ ಕೇಳಿದಾಗ ಬಾಯಿ ಮುಚ್ಕೊಂಡೆ. ನೀವು ನಾನೇ ನಾನೇ ಅಂತ ಅಳ್ತಾ ಇದ್ರಿ, ಆಗ್ಲೂ ಮುಚ್ಕೊಂಡೇ ಇದ್ದೆ."

ಬೀದಿಯಲ್ಲಿ ದರ್ಜಿಯ ಮೆಷಿನ್ನು ಓಡುತ್ತಿತ್ತು, ನಿಲ್ಲುತ್ತಿತ್ತು, ಓಡುತ್ತಿತ್ತು.

"ಅವರು ಏನಂತ ಕೇಳಿದ್ರು?" ಎಂದಳು ಮೇಷ್ಟ್ರ ಹೆಂಡತಿ.

"ಪೂರ್ತಿ ಬಿಚ್ಚಬೇಕಾ ಅಕ್ಕಾ, ಅಂತ."

"ಇನ್ನೊಂದು ಸಲ ಹೇಳಿ."

ಮಾರಕ್ಕ ಹೇಳಿದಳು.

"ನಗ್ತಾ ಇದ್ರಾ?"

"ನಗ್ತಾ ಇದ್ರು. ನಾನೂ ನಕ್ಕೆ."

ಮೇಷ್ಟ್ರ ಹೆಂಡತಿ ಒಡೆದ ಕೈಗಳನ್ನು ಕೌಂಟರಿನ ಮೇಲಿಟ್ಟು ಅವನ್ನೇ ನೋಡುತ್ತ ನಿಂತಳು. "ಆ ವಾರ ನಾನು ಊರು ಬಿಟ್ಟಾಗ ಬಸ್ ಹತ್ತಿದ್ದು ಇಲ್ಲೇ, ನಿಮ್ಮ ಅಂಗಡಿ ಎದುರಿಗೆ. ಒಂದು ಗಂಟೆ ಕಾದಿದ್ದೆ. ನೀವು ಒಳಗಿದ್ರಾ?"

"ಇದ್ದೆ. ನೋಡ್ತಾ ಇದ್ದೆ."

"ಎದ್ದು ಬಂದು ಒಂದು ಮಾತು ಹೇಳೋಕಾಗ್ಲಿಲ್ಲ ನಿಮ್ಗೆ."

ಹೆದರಿದ್ದೆ ಎನ್ನಬಹುದಿತ್ತು. ಹೆದರಿಕೆ ಇಷ್ಟು ದೊಡ್ಡ ತಪ್ಪಿಗೆ ಎಲ್ಲಿ ಸಾಲುತ್ತದೆ. ಮಾರಕ್ಕ ತಲೆ ತಗ್ಗಿಸಿದಳು. ಹೊಡೆದರೂ ಹೊಡೆಸಿಕೊಳ್ಳಲು ತಯಾರಾಗಿದ್ದಳು. ಆದರೆ ಎದುರಿನವಳು ಕೈ ಚಾಚಿದ್ದು ಬೇರೆ ಯಾವುದಕ್ಕೋ.

"ನಿಮ್ಮ ಫೋನ್ ಕೊಡಿ. ನನ್ನ ನಂಬರ್ ಕಂಡ್ರೆ ಅವಳು ಎತ್ತಲ್ಲ."

ನಂಬರನ್ನು ಅವಳು ನೋಡದೆಯೇ ಒತ್ತಿದಳು. ಒತ್ತಿ, ಫೋನನ್ನು ಮಾರಕ್ಕನ ಕೈಗೆ ತುರುಕಿದಳು. "ಹೇಳಿ. ನಂಗೆ ಹೇಳಿದ ಹಾಗೇ ಹೇಳಿ. ಒಂದಕ್ಷರ ಬಿಡಬೇಡಿ."

ಎರಡನೆಯ ರಿಂಗಿಗೇ ಆ ಕಡೆ ಎತ್ತಿದರು. ಕೆಲಸದ ನಡುವೆ ಇರುವ ಹೆಂಗಸಿನ ಅವಸರದ ದನಿ. "ಹಲೋ, ಯಾರು?"

"ನಾನು ವೈರ್ ಅಂಗಡಿಯವಳಮ್ಮ. ನಿಮ್ಮ ತಂದೆಗೆ ವೈರ್ ಕೊಟ್ಟವಳು." ಮಾರಕ್ಕ ಒಂದಕ್ಷರವನ್ನೂ ಬಿಡಲಿಲ್ಲ. ಸುರುಳಿ, ಹಾಸಿಗೆ, ಅರ್ಧ ಉಳಿದ ಪರದೆ, ತಾನು ಆಡಿದ ತಮಾಷೆ, ಆಡದೆ ನುಂಗಿದ ಮಾತು. ಕಟ್ ಆಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

"ಅಮ್ಮ ಅಲ್ಲೇ ಇದಾಳಾ?" ಎಂದಿತು ದನಿ. ಅವಸರವೆಲ್ಲ ಹೋಗಿಬಿಟ್ಟಿತ್ತು.

"ಇದಾರೆ."

"ಕೊಡಿ ಅವಳಿಗೆ."

ಮೇಷ್ಟ್ರ ಹೆಂಡತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಪುಟ್ಟೀ" ಎಂದಳು, ಅಷ್ಟಕ್ಕೇ ನಿಂತಿತು. ಮಾರಕ್ಕ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಬಂದು ಬೀದಿಯಲ್ಲಿ ನಿಂತಳು.

"ಏನಕ್ಕಾ, ನಿಮ್ಮ ಅಂಗಡಿಯಿಂದ ನಿಮ್ಮನ್ನೇ ಓಡಿಸಿದ್ರಾ?" ಎಂದ ದರ್ಜಿ, ಮೆಷಿನ್ನಿನಿಂದ ತಲೆಯೆತ್ತಿ.

"ಒಳಗೆ ತಾಯಿ ಮಗಳು ಮಾತಾಡ್ತಿದಾರೆ."

ದರ್ಜಿ ಕತ್ತು ಚಾಚಿ ನೋಡಿದ. ಅವನಿಗೆ ಕಂಡದ್ದು ಒಬ್ಬಳೇ ಹೆಂಗಸು, ಕೌಂಟರಿಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಮತ್ತೇನೋ ಕೇಳಲು ಬಾಯಿ ತೆರೆದವನು ಮಾರಕ್ಕನ ಮುಖ ನೋಡಿ ಸುಮ್ಮನೆ ಸೂಜಿಗೆ ದಾರ ಪೋಣಿಸಿದ. ಒಬ್ಬ ಗಿರಾಕಿ ಬಂದ. ಮಾರಕ್ಕ ಅವನನ್ನು ಆಮೇಲೆ ಬಾ ಎಂದು ಕಳಿಸಿದಳು. ಇನ್ನೊಬ್ಬ ಬಂದ, ಅವನನ್ನೂ ಕಳಿಸಿದಳು. ಕಾಲಡಿಯ ಕಲ್ಲು ತಣ್ಣಗೆ ಕೊರೆಯುತ್ತಿತ್ತು.

ಬಹಳ ಹೊತ್ತಾದ ಮೇಲೆ ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದಳು. ಮುಖವೆಲ್ಲ ಒದ್ದೆ. ಫೋನನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟಳು.

"ನಾಳೆ ಬರ್ತಾಳಂತೆ. ಮೊದಲನೇ ಬಸ್ಸಿಗೆ."

"ಬರ್ಲಿ ಅಮ್ಮಾ."

"ಇಳಿದವಳೇ ಇಲ್ಲಿಗೇ ಬರ್ತಾಳೆ. ನನ್ನನ್ನೂ ಬೆಳಗ್ಗೆ ಇಲ್ಲಿಗೇ ಬಾ ಅಂದ್ಲು. ನಿಮ್ಮನ್ನ ಕರ್ಕೊಂಡು ಆ ಇನ್‌ಸ್ಪೆಕ್ಟರ್ ಹತ್ರ ಹೋಗ್ಬೇಕಂತೆ, ಬರೆದಿದ್ದನ್ನ ತಿದ್ದಿಸ್ಬೇಕಂತೆ."

"ಬರ್ತೀನಿ. ಎಲ್ಲಿ ಕರೆದ್ರೂ ಬರ್ತೀನಿ, ಎಲ್ಲಾನೂ ಹೇಳ್ತೀನಿ."

"ಅವಳು ಸುಮ್ನೆ ಬಿಡೋಳಲ್ಲ. ಬಿಟ್ಟುಬಿಡು ಅಂತ ನಾನೂ ಹೇಳಲ್ಲ."

"ಹೇಳ್ಬೇಡಿ."

ಮೇಷ್ಟ್ರ ಹೆಂಡತಿ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಅಂಗಡಿ ತೆಗೆದಿರಿ."

"ತೆಗೆದಿರ್ತೀನಿ" ಎಂದಳು ಮಾರಕ್ಕ.